ಮನೆ ಕೊಳ್ಳುವ ಮುಂಚೆ ಯಾರಿಗೆ ತೋರಿಸಬೇಕು? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವು ಮನೆ ಕೊಂಡದ್ದು ಏಪ್ರಿಲ್‌ನಲ್ಲಿ. ಹೊಸ ಬಣ್ಣ, ಒಳ್ಳೇ ಬಿಸಿಲು. ಮನೆ ಫಳಫಳ ಹೊಳೆಯುತ್ತಿತ್ತು. ಯಾವ ಇಂಜಿನಿಯರಿಗೂ ತೋರಿಸಲಿಲ್ಲ. ಪುನರ್ವಸು ಮಳೆ ಹಿಡಿದು ವಾರ ಆಗಿತ್ತು, ಹಿಂದಿನ ರೂಮಿನ ಗೋಡೆ ಮೊಣಕಾಲಿನ ಎತ್ತರಕ್ಕೆ ಒದ್ದೆಯಾಯಿತು. ಬೀರು ಸರಿಸಿ ನೋಡಿದರೆ ಅದರ ಹಿಂದೆ ಬಣ್ಣ ಹಪ್ಪಳದ ಹಾಗೆ ಉಬ್ಬಿಕೊಂಡಿತ್ತು. ಬೆರಳು ತಾಗಿಸಿದ ಕೂಡಲೇ ಗಾರೆಯ ಜೊತೆ ಬಿಳಿ ಉಪ್ಪು ಉದುರಿತು. ಅದನ್ನು ಸರಿ ಮಾಡಿಸುವಷ್ಟರಲ್ಲಿ ಎರಡು ಮಳೆಗಾಲ ಕಳೆಯಿತು.

ಆಮೇಲೆ ತಂಗಿ ಚಿಕ್ಕಮಗಳೂರಿನಲ್ಲಿ ಒಂದು ಹಳೇ ಹೆಂಚಿನ ಮನೆ ನೋಡಿದಳು. ಈ ಸಲ ಮೊದಲು ಮಾಡಿದ ಕೆಲಸವೇ ಒಬ್ಬ ಒಳ್ಳೇ ಇಂಜಿನಿಯರನ್ನು ಹುಡುಕಿದ್ದು. ಆ ವಿಷಯ ಗೊತ್ತಾದ ಮೇಲೆ ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು, ಅವರ ಪರಿಚಯದವರು ಎಲ್ಲ ಕೇಳುತ್ತಲೇ ಇದ್ದಾರೆ. ಅವರು ಕೇಳಿದ ಪ್ರಶ್ನೆಗಳೇ ಇವು.

ಹೋಮ್ ಇನ್ಸ್‌ಪೆಕ್ಟರ್ ಅಂದರೆ ಯಾರು?

ಕೊಳ್ಳುವವರ ಪರವಾಗಿ, ಕೊಳ್ಳುವವರಿಂದಲೇ ಫೀಸು ತೆಗೆದುಕೊಂಡು, ಮನೆಯ ಆರೋಗ್ಯ ನೋಡಿ ಹೇಳುವವರು. ಅಡಿಪಾಯ, ಗೋಡೆ, ಚಾವಣಿ, ನೀರು, ಕರೆಂಟು, ಚರಂಡಿ ಎಲ್ಲ ನೋಡುತ್ತಾರೆ. ಏನು ಸರಿ ಇದೆ, ಏನು ಕೆಟ್ಟಿದೆ, ಇನ್ನು ನಾಲ್ಕೈದು ವರ್ಷದಲ್ಲಿ ಏನು ಕೈ ಕೊಡಬಹುದು ಅಂತ ಬರೆದು ಕೊಡುತ್ತಾರೆ. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಅಂತ ಕಂಪನಿಗಳಿವೆ. ನಮ್ಮ ಕಡೆ ಆ ಬೋರ್ಡು ಹಾಕಿಕೊಂಡವರು ಕಡಿಮೆ. ನಾವು ‘ಇಂಜಿನಿಯರಿಗೆ ತೋರಿಸೋದು’ ಅಂತ ಹೇಳುತ್ತೇವೆ, ಅಷ್ಟೇ.

ಇದಕ್ಕೆ ಲೈಸೆನ್ಸ್ ಇರುತ್ತದಾ?

ಇಲ್ಲ. ಮನೆ ಪರೀಕ್ಷೆ ಮಾಡುವವರಿಗೇ ಅಂತ ನಮ್ಮ ದೇಶದಲ್ಲಿ ಸರ್ಕಾರದ ಲೈಸೆನ್ಸ್ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಇದೆ, ಇಲ್ಲಿ ಇಲ್ಲ. ಅಂದರೆ ಯಾರು ಬೇಕಾದರೂ ಕಾರ್ಡು ಹೊಡೆಸಿಕೊಂಡು ನಾನು ಇನ್ಸ್‌ಪೆಕ್ಟರ್ ಅನ್ನಬಹುದು. ಅದಕ್ಕೇ ಆರಿಸುವ ಕೆಲಸ ಪೂರ್ತಿ ನಮ್ಮ ತಲೆ ಮೇಲೆ ಬೀಳುತ್ತದೆ.

ಕಾಗದದಲ್ಲಿ ನೋಡಬೇಕಾದ್ದು ಇಷ್ಟು: ಸಿವಿಲ್ ಇಂಜಿನಿಯರಿಂಗ್ ಡಿಗ್ರಿ ಅಥವಾ ಡಿಪ್ಲೊಮಾ ಇರಬೇಕು. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ನ ಚಾರ್ಟರ್ಡ್ ಇಂಜಿನಿಯರ್ ಪತ್ರ ಇದ್ದರೆ ಇನ್ನೂ ಒಳ್ಳೆಯದು. ನಗರದಲ್ಲಿ ಪ್ಲಾನ್‌ಗೆ ಸಹಿ ಹಾಕುವ ನೋಂದಾಯಿತ ಇಂಜಿನಿಯರ್ ಆಗಿದ್ದರೂ ನಡೆಯುತ್ತದೆ. ಆದರೆ ಕಾಗದ ಬರೀ ಬಾಗಿಲು. ಹೊಸ ಮನೆ ಕಟ್ಟಿಸುವುದರಲ್ಲಿ ಪಳಗಿದವರಿಗೆಲ್ಲ ಹಳೇ ಮನೆಯ ಕಾಯಿಲೆ ಗೊತ್ತಾಗುವುದಿಲ್ಲ. ರಿಪೇರಿ ಕೆಲಸ ಮಾಡಿಸಿದ ಅನುಭವ ಎಷ್ಟಿದೆ ಅಂತ ಕೇಳಿ.

ಅಂಥವರನ್ನು ಎಲ್ಲಿ ಹುಡುಕೋದು?

ಲೋಕೋಪಯೋಗಿ ಇಲಾಖೆ, ಜಿಲ್ಲಾ ಪಂಚಾಯಿತಿಗಳಲ್ಲಿ ಕೆಲಸ ಮಾಡಿ ನಿವೃತ್ತರಾದ ಇಂಜಿನಿಯರುಗಳು ಎರಡೂ ಊರಲ್ಲಿ ಇದ್ದಾರೆ. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಇದೆ. ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಅಲ್ಲಿ ಸಿವಿಲ್ ವಿಭಾಗದ ಮೇಷ್ಟ್ರು ಯಾರಾದರೂ ಪರಿಚಯ ಇದ್ದರೆ ಕೇಳಿ. ಅವರೇ ಬರದೇ ಇರಬಹುದು, ಆದರೆ ಊರಲ್ಲಿ ಯಾರ ಕಣ್ಣು ಚೆನ್ನಾಗಿದೆ ಅಂತ ಅವರಿಗೆ ಗೊತ್ತಿರುತ್ತದೆ.

ನಾವು ಇನ್ನೊಂದು ದಾರಿ ಹಿಡಿದೆವು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಕೆಲಸಗಾರರನ್ನು ಕೇಳಿದೆವು: ‘ಹೆಂಚಿನ ಮಾಡು ಹತ್ತಿ ನೋಡುವ ಇಂಜಿನಿಯರ್ ಯಾರಿದ್ದಾರೆ?’ ಒಬ್ಬರಿಗೊಬ್ಬರು ಗುರುತಿಲ್ಲದ ಇಬ್ಬರು ಒಂದೇ ಹೆಸರು ಹೇಳಿದರು. ಅವರನ್ನೇ ಕರೆದೆವು.

ಬ್ರೋಕರ್ ಒಬ್ಬರ ಹೆಸರು ಕೊಟ್ಟಿದ್ದಾರೆ. ಕರೆಯಬಹುದಾ?

ಬೇಡ. ಆ ಇಂಜಿನಿಯರ್ ಒಳ್ಳೆಯವರೇ ಇರಬಹುದು. ಆದರೂ ಬೇಡ. ವ್ಯಾಪಾರ ಮುರಿದರೆ ಬ್ರೋಕರಿಗೆ ಕಮಿಷನ್ ಇಲ್ಲ. ವ್ಯಾಪಾರ ಮುರಿಸುವ ಇಂಜಿನಿಯರಿಗೆ ಆ ಬ್ರೋಕರ್ ಮತ್ತೊಂದು ಕೆಲಸ ಕೊಡುವುದಿಲ್ಲ. ಅಷ್ಟು ಗೊತ್ತಿದ್ದೂ ನೇರವಾಗಿ ಮಾತಾಡುವುದು ಎಂಥವರಿಗೂ ಕಷ್ಟ.

ಮಾರುವವರು ‘ನಮ್ಮ ಇಂಜಿನಿಯರೇ ಬಂದು ತೋರಿಸ್ತಾರೆ’ ಅಂದರೂ ಇದೇ ಮಾತು. ರಿಪೇರಿ ಕಾಂಟ್ರ್ಯಾಕ್ಟ್ ಹಿಡಿಯುವವರನ್ನು ಕರೆದರೆ ತೊಂದರೆ ಇನ್ನೊಂದು ಥರ. ಅವರ ಕಣ್ಣಿಗೆ ಎಲ್ಲವೂ ಒಡೆದು ಕಟ್ಟಬೇಕಾದ ಹಾಗೇ ಕಾಣುತ್ತದೆ. ನಮ್ಮ ಇಂಜಿನಿಯರಿಗೆ ಮೊದಲೇ ಹೇಳಿದ್ದೆವು: ‘ನೀವು ನೋಡಿ ಹೇಳಿ ಸಾಕು, ರಿಪೇರಿ ಕೆಲಸ ನಿಮಗೆ ಕೊಡಲ್ಲ.’ ಅವರು ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. ಹಾಗೇ ಇರೋದು ಒಳ್ಳೇದು ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆಗಲೇ.

ಬ್ಯಾಂಕಿನವರು ಸಾಲ ಕೊಡುವ ಮುಂಚೆ ಬಂದು ನೋಡುತ್ತಾರಲ್ಲ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಬ್ಯಾಂಕ್ ಕಳಿಸುವುದು ಮೌಲ್ಯಮಾಪಕರನ್ನು. ಅವರು ಉತ್ತರ ಹುಡುಕುವ ಪ್ರಶ್ನೆ ಬೇರೆ: ನೀವು ಸಾಲ ಕಟ್ಟದೇ ಹೋದರೆ ಈ ಆಸ್ತಿ ಮಾರಿ ಬ್ಯಾಂಕಿಗೆ ಎಷ್ಟು ವಾಪಸ್ ಬರುತ್ತದೆ? ಅದಕ್ಕೆ ಜಾಗದ ಅಳತೆ, ಏರಿಯಾದ ರೇಟು, ಕಟ್ಟಡದ ವಯಸ್ಸು ಸಾಕು. ಬೀರು ಸರಿಸಿ ಗೋಡೆ ನೋಡುವುದು ಅವರ ಕೆಲಸವಲ್ಲ. ನಮ್ಮ ಮನೆಗೂ ಬ್ಯಾಂಕ್ ಕಡೆಯವರು ಬಂದಿದ್ದರು. ಫೋಟೋ ತೆಗೆದು, ಟೇಪ್ ಹಿಡಿದು, ಹೊರಟರು. ಸಾಲ ಮಂಜೂರಾಯಿತು ಅಂದರೆ ಮನೆ ಗಟ್ಟಿ ಇದೆ ಅಂತ ನಾವೇ ಅಂದುಕೊಂಡೆವು.

ವಕೀಲರು ನೋಡುವುದು ಕಾಗದ. ವಾಸ್ತು ನೋಡುವವರು ದಿಕ್ಕು ನೋಡುತ್ತಾರೆ. ಇಂಜಿನಿಯರ್ ಒಬ್ಬರೇ ಕಟ್ಟಡ ನೋಡುವುದು.

ನಮ್ಮ ಮೇಸ್ತ್ರಿ ಮೂವತ್ತು ವರ್ಷದಿಂದ ಮನೆ ಕಟ್ಟುತ್ತಿದ್ದಾರೆ. ಅವರು ಸಾಲದಾ?

ಒಳ್ಳೇ ಮೇಸ್ತ್ರಿಯ ಕಣ್ಣು ತುಂಬ ಬೆಲೆಯುಳ್ಳದ್ದು. ಮಣ್ಣಿನ ಗೋಡೆ, ಸೈಜುಗಲ್ಲು, ಹೆಂಚಿನ ವಿಷಯದಲ್ಲಿ ಎಷ್ಟೋ ಇಂಜಿನಿಯರುಗಳಿಗಿಂತ ಅವರಿಗೇ ಜಾಸ್ತಿ ಗೊತ್ತು. ಆದರೆ ಮೇಲಂತಸ್ತು ಕಟ್ಟಬಹುದಾ, ಪಿಲ್ಲರ್ ಭಾರ ಹೊರುತ್ತದಾ, ಕರೆಂಟ್ ಲೈನ್ ಸರಿ ಇದೆಯಾ ಅನ್ನುವ ಪ್ರಶ್ನೆಗೆ ಲೆಕ್ಕ ಬೇಕು. ಬರೆದ ವರದಿಯೂ ಬೇಕು. ಹಾಗಾಗಿ ಇಬ್ಬರನ್ನೂ ಕರೆದುಕೊಂಡು ಹೋಗಿ. ಮೇಸ್ತ್ರಿಗೆ ಒಂದು ದಿನದ ಕೂಲಿ ಕೊಟ್ಟರಾಯಿತು.

ಫೋನಿನಲ್ಲೇ ಏನು ಕೇಳಬೇಕು?

ನಾವು ಮೂರು ಜನಕ್ಕೆ ಫೋನ್ ಮಾಡಿದ್ದೆವು. ಮೊದಲನೆಯವರು ‘ಏನೂ ತೊಂದರೆ ಇರಲ್ಲ, ಫೋಟೋ ಕಳಿಸಿ ನೋಡೋಣ’ ಅಂದರು. ಎರಡನೆಯವರು ಹದಿನೈದು ನಿಮಿಷದ ಕೆಲಸ ಅಂದರು. ಮೂರನೆಯವರು ತಿರುಗಿ ನಮಗೇ ಪ್ರಶ್ನೆ ಕೇಳಿದರು. ಮನೆ ಎಷ್ಟು ವರ್ಷದ್ದು? ಗೋಡೆ ಮಣ್ಣಿನದೋ ಇಟ್ಟಿಗೆಯದೋ? ಹಿಂದೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇದೆಯಾ? ಈಗ ಯಾರಾದರೂ ವಾಸ ಇದ್ದಾರಾ, ಖಾಲಿ ಬಿದ್ದಿದೆಯಾ? ಆಮೇಲೆ ‘ಏಣಿ ನಾನೇ ತರ್ತೀನಿ, ಅರ್ಧ ದಿನ ಇಟ್ಟುಕೊಳ್ಳಿ’ ಅಂದರು. ಹೆಂಚಿನ ಕೆಲಸಗಾರರು ಹೇಳಿದ್ದೂ ಇವರ ಹೆಸರನ್ನೇ. ಇವರನ್ನೇ ಕರೆದೆವು.

ನೀವು ಕೇಳಬೇಕಾದ್ದು: ಚಾವಣಿ ಮೇಲೆ ಹತ್ತುತ್ತೀರಾ? ಅಟ್ಟದೊಳಗೆ ಹೋಗುತ್ತೀರಾ? ತೇವ ಅಳೆಯುವ ಮೀಟರ್ ಇದೆಯಾ? ವರದಿ ಬರೆದು, ಫೋಟೋ ಹಾಕಿ, ಸಹಿ ಮಾಡಿ ಕೊಡುತ್ತೀರಾ? ನಾನು ಜೊತೆಯಲ್ಲಿ ಇರಬಹುದಾ? ಏನೇನು ನೋಡುವುದಿಲ್ಲ? ಕೊನೆಯ ಪ್ರಶ್ನೆಗೆ ‘ಎಲ್ಲಾ ನೋಡ್ತೀನಿ’ ಅನ್ನುವವರಿಗಿಂತ ‘ಬೋರ್‌ವೆಲ್ ನನಗೆ ಗೊತ್ತಾಗಲ್ಲ, ಕರೆಂಟಿಗೆ ಬೇರೆಯವರನ್ನು ಕರೆಸಿ’ ಅನ್ನುವವರು ಮೇಲು.

ಹಿಂದೆ ಬರೆದ ವರದಿಯೊಂದನ್ನು, ಹೆಸರು ವಿಳಾಸ ಮುಚ್ಚಿ, ತೋರಿಸಲು ಕೇಳಿ. ಎರಡು ನಿಮಿಷ ಓದಿದರೆ ಕೆಲಸ ಹೇಗೆ ಅಂತ ತಿಳಿಯುತ್ತದೆ.

ಫೀಸು ಎಷ್ಟಾಗುತ್ತದೆ?

ಗೊತ್ತುಪಡಿಸಿದ ರೇಟು ಅಂತ ಇಲ್ಲ. ತಂಗಿಯ ಮನೆಗೆ ನಾವು 7,000 ರೂಪಾಯಿ ಕೊಟ್ಟೆವು. ಮನೆ ದೊಡ್ಡದಾದರೆ, ಎಸ್ಟೇಟ್ ಒಳಗೆ ದೂರ ಹೋಗಬೇಕಾದರೆ ಜಾಸ್ತಿಯಾಗುತ್ತದೆ. ಯಾರೇ ಆಗಲಿ, ಮೊದಲೇ ಇಷ್ಟು ಅಂತ ಮಾತಾಡಿಕೊಳ್ಳಿ. ಮನೆಯ ಬೆಲೆಯಲ್ಲಿ ಶೇಕಡಾ ಇಷ್ಟು ಅನ್ನುವುದು, ವ್ಯಾಪಾರ ಕುದುರಿದರೆ ಮಾತ್ರ ಫೀಸು ಅನ್ನುವುದು ಎರಡೂ ಬೇಡ.

ಯಾವಾಗ ತೋರಿಸಬೇಕು? ಅಡ್ವಾನ್ಸ್ ಕೊಡುವ ಮುಂಚೆಯೋ ಆಮೇಲೋ?

ಮುಂಚೆ. ‘ಬೇರೆ ಪಾರ್ಟಿ ಕಾಯ್ತಾ ಇದೆ, ಇವತ್ತೇ ಟೋಕನ್ ಕೊಡಿ’ ಅಂತ ಅವಸರ ಮಾಡುತ್ತಾರೆ. ಕೊಡಲೇಬೇಕು ಅಂತಾದರೆ ಚಿಕ್ಕ ಮೊತ್ತ ಕೊಡಿ. ಕರಾರಿನಲ್ಲಿ ಒಂದು ಸಾಲು ಬರೆಸಿ: ಇಂಜಿನಿಯರ್ ಪರೀಕ್ಷೆಯಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ವಾಪಸ್ ಕೊಡತಕ್ಕದ್ದು. ಆ ಸಾಲು ಬರೆಯಲು ಒಪ್ಪದವರ ಹತ್ತಿರ ಯಾಕೆ ಅಂತ ಕೇಳುವುದು ನಮ್ಮ ಹಕ್ಕು.

ಕಾಲದ ಬಗ್ಗೆ ಹೇಳುವುದಾದರೆ, ಜುಲೈ ಮತ್ತು ಆಗಸ್ಟ್. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮನೆ ಕೊಳ್ಳುವುದಾದರೆ ಒಂದು ಮಳೆಗಾಲ ಕಾದು ನೋಡಿದರೂ ನಷ್ಟವಿಲ್ಲ. ನಾಲ್ಕು ದಿನ ಬಿಡದೇ ಹುಯ್ದ ಮೇಲೆ ಮನೆ ಒಳಗೆ ಹೋಗಿ ನಿಂತರೆ ಮೂಗಿಗೇ ಅರ್ಧ ಗೊತ್ತಾಗುತ್ತದೆ. ಬೇಸಿಗೆಯಲ್ಲೇ ನೋಡಬೇಕಾಗಿ ಬಂದರೆ ಹೊಸ ಬಣ್ಣದ ಬಗ್ಗೆ ಹುಷಾರಾಗಿರಿ. ಇಡೀ ಮನೆಗೆ ಹಳೇ ಬಣ್ಣ ಇದ್ದು ಒಂದು ಗೋಡೆಗೆ ಮಾತ್ರ ಹೊಸತು ಇದ್ದರೆ ಆ ಗೋಡೆಯನ್ನೇ ಮೊದಲು ತೋರಿಸಿ.

ಇಂಜಿನಿಯರ್ ಏನೇನು ನೋಡುತ್ತಾರೆ? ಹೆಂಚಿನ ಮನೆಯಲ್ಲಿ?

ತಂಗಿಯ ಮನೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ.

ಅವರು ಮೊದಲು ಮನೆಯ ಒಳಗೇ ಬರಲಿಲ್ಲ. ಸುತ್ತ ಎರಡು ಸುತ್ತು ಹಾಕಿದರು. ಸೂರಿನ ನೀರು ಎಲ್ಲಿ ಬೀಳುತ್ತದೆ, ಬಿದ್ದ ನೀರು ಗೋಡೆ ಕಡೆ ಹರಿಯುತ್ತದೋ ಆಚೆ ಹೋಗುತ್ತದೋ ಅಂತ ನೆಲ ನೋಡಿದರು. ಗೋಡೆಯ ಬುಡದಲ್ಲಿ ಪಾಚಿ ಕಟ್ಟಿದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಒಳಗೆ ಹೋದ ಮೇಲೆ ಅದೇ ಜಾಗದ ಹಿಂಬದಿಗೆ ಮೀಟರ್ ಹಿಡಿದರು. ಎರಡೂ ಕಡೆ ತೇವ.

ಆಮೇಲೆ ಅಟ್ಟ. ಟಾರ್ಚು ಹಿಡಿದು, ಲುಂಗಿಯಲ್ಲಿ ಸುತ್ತಿ ತಂದಿದ್ದ ಒಂದು ಸ್ಕ್ರೂಡ್ರೈವರ್ ತೆಗೆದರು. ಗೋಡೆ ಮೇಲೆ ಕೂತ ತೊಲೆಗೆ ಅದರ ತುದಿ ಒತ್ತುತ್ತಾ ಬಂದರು. ಮೊದಲ ಮೂರು ಕಡೆ ಮರ ಅಲ್ಲಾಡಲಿಲ್ಲ. ನಾಲ್ಕನೇ ಕಡೆ, ಎರಡು ಮಾಡು ಸೇರುವ ತಗಡಿನ ದೋಣಿಯ ಕೆಳಗೆ, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಕಳಿತ ಬಾಳೆಹಣ್ಣಿಗೆ ಚುಚ್ಚಿದ ಹಾಗೆ. ಹೊರಗಿನಿಂದ ನೋಡಿದರೆ ಆ ತೊಲೆಗೆ ಎಣ್ಣೆ ಬಣ್ಣ ಬಳಿದು ನೀಟಾಗಿತ್ತು. ದೋಣಿಯ ತಗಡು ತೂತಾಗಿ ವರ್ಷಗಟ್ಟಲೆ ನೀರು ಇಳಿದಿತ್ತು. ಒದ್ದೆ ಮರಕ್ಕೆ ಒರಲೆ ಹತ್ತಿತ್ತು.

ಪಕಾಸಿ (ಮಾಡಿನ ಇಳಿಜಾರು ಮರ), ರೀಪರ್ (ಅದರ ಮೇಲೆ ಹೆಂಚು ಕೂರುವ ಅಡ್ಡ ಪಟ್ಟಿ) ಎಲ್ಲ ಹೀಗೇ ತಟ್ಟಿ ಚುಚ್ಚಿ ನೋಡಬೇಕು. ಹಳೇ ಸೌದೆ ಒಲೆಯ ಅಡುಗೆಮನೆಯಲ್ಲಿ ಪಕಾಸಿ ಕಪ್ಪಗೆ ಮಸಿ ಹಿಡಿದಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಹೊಗೆ ಕುಡಿದ ಮರಕ್ಕೆ ಹುಳ ಹತ್ತುವುದು ಕಡಿಮೆ. ಹೆಂಚು ಒಡೆದಿದ್ದರೆ ದೊಡ್ಡ ವಿಷಯವಲ್ಲ, ಬದಲಾಯಿಸಬಹುದು. ಮಾಡಿನ ಸಾಲು ನಡುವೆ ತಗ್ಗಿದ್ದರೆ ಅದು ದೊಡ್ಡ ವಿಷಯ. ರಸ್ತೆಯಲ್ಲಿ ದೂರ ನಿಂತು ಮಾಡಿನ ನೆತ್ತಿ ನೇರ ಇದೆಯಾ ಅಂತ ನೀವೇ ನೋಡಿ.

ಮಣ್ಣಿನ ಗೋಡೆಗೆ ಯಾರಾದರೂ ಸಿಮೆಂಟ್ ಗಾರೆ ಮೆತ್ತಿದ್ದರೆ ಅದನ್ನೂ ಕೇಳಿ ತಿಳಿದುಕೊಳ್ಳಿ. ಸುಣ್ಣದ ಗಾರೆ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಸಿಮೆಂಟ್ ಒಳಗಿನ ತೇವವನ್ನು ಅಲ್ಲೇ ಕಟ್ಟಿಹಾಕುತ್ತದೆ. ಮೇಲೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೆ ಮೆತ್ತಗಾಗಿರಬಹುದು.

ತಾರಸಿ ಮನೆಯಲ್ಲಿ?

ಮುಖ್ಯವಾಗಿ ನೀರು ಮತ್ತು ಕಬ್ಬಿಣ. ತಾರಸಿಯ ಅಡಿಯಲ್ಲಿ ಕಂದು ಗೆರೆ ಇಳಿದಿದ್ದರೆ, ಗಾರೆ ಉದುರಿ ಸರಳು ಕಾಣುತ್ತಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಕಾಂಕ್ರೀಟನ್ನೇ ಒಡೆದುಕೊಂಡು ಹೊರಗೆ ಬರುತ್ತದೆ. ಸ್ಲ್ಯಾಬಿನ ಸರಳಿನ ಕೆಳಗೆ ಕನಿಷ್ಠ 20 ಮಿಲಿಮೀಟರ್, ಪಿಲ್ಲರಿನ ಸರಳಿನ ಸುತ್ತ 40 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಎಷ್ಟೋ ಮನೆಗಳಲ್ಲಿ ಅರ್ಧವೂ ಇರುವುದಿಲ್ಲ. ಅನುಮಾನ ಬಂದರೆ ರಿಬೌಂಡ್ ಹ್ಯಾಮರ್ ಅನ್ನುವ ಸಾಧನದಿಂದ ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡುತ್ತಾರೆ.

ಬಿರುಕು ಕಂಡ ಕೂಡಲೇ ಹೆದರಬೇಡಿ. ಗಾರೆ ಒಣಗುವಾಗ ಬರುವ ಕೂದಲೆಳೆಯಂಥ ಬಿರುಕು ಎಲ್ಲ ಮನೆಯಲ್ಲೂ ಇರುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಇಟ್ಟಿಗೆ ಸಾಲು ಹಿಡಿದು ಮೆಟ್ಟಿಲಿನ ಹಾಗೆ ಹೋಗುವ ಬಿರುಕು, ಒಂದು ತುದಿಯಲ್ಲಿ ಅಗಲ ಜಾಸ್ತಿ ಇರುವ ಬಿರುಕು, ಇವುಗಳ ಕಾರಣ ಅಡಿಪಾಯದಲ್ಲಿ ಇರಬಹುದು. ಬಿರುಕಿನ ಒಳಗೆ ಧೂಳು, ಜೇಡರ ಬಲೆ ಇದ್ದರೆ ಹಳೆಯದು. ಒಳಗೆ ಶುಭ್ರವಾಗಿದ್ದರೆ ಹೊಸತು, ಇನ್ನೂ ಬೆಳೆಯುತ್ತಿರಬಹುದು.

ತಾರಸಿ ಮೇಲೆ ಶೀಟ್ ಹಾಕಿದ್ದರೆ ಯಾಕೆ ಅಂತ ಕೇಳಿ. ನಮ್ಮ ಕಡೆ ಕಾಫಿ ಒಣಗಿಸಲು, ಮಳೆಯಿಂದ ಕಾಪಾಡಲು ಎಲ್ಲರೂ ಹಾಕುತ್ತಾರೆ. ಸೋರುವುದನ್ನು ತಡೆಯಲಾಗದೇ ಹಾಕಿದವರೂ ಇದ್ದಾರೆ. ಶೀಟಿನ ಕೆಳಗಿನ ತಾರಸಿಯನ್ನು ಇಂಜಿನಿಯರ್ ಬಗ್ಗಿ ಹೋಗಿ ನೋಡಲೇಬೇಕು.

ಟೈಲ್ಸ್ ನೆಲವನ್ನು ನಾಣ್ಯದಿಂದ ತಟ್ಟಿದರೆ ಟೊಳ್ಳು ಸದ್ದು ಬರುವ ಕಡೆ ಕೆಳಗೆ ಗಾರೆ ಹಿಡಿದಿಲ್ಲ. ಬಚ್ಚಲಿನ ಪಕ್ಕದ ಗೋಡೆಯನ್ನು ಹೊರಗಿನಿಂದ ನೋಡುವುದನ್ನು ಮರೆಯಬೇಡಿ.

ಮನೆ ಚೆನ್ನಾಗಿದ್ದರೂ ಜಾಗ ಸರಿಯಿಲ್ಲದಿದ್ದರೆ?

ಮಲೆನಾಡಿನಲ್ಲಿ ಇದನ್ನೇ ಮೊದಲು ನೋಡಬೇಕು. 2018ರ ಆಗಸ್ಟ್‌ನಲ್ಲಿ ಸಕಲೇಶಪುರ ಮತ್ತು ಶಿರಾಡಿ ಘಾಟಿ ಕಡೆ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದದ್ದು ನಮಗೆಲ್ಲ ನೆನಪಿದೆ. ಗುಡ್ಡ ಕಡಿದು ಮಟ್ಟ ಮಾಡಿ ಕಟ್ಟಿದ ಮನೆಗೆ ಹಿಂದೆ ಧರೆ ಇರುತ್ತದೆ, ಮುಂದೆ ಮಣ್ಣು ತುಂಬಿದ ಅಂಗಳ ಇರುತ್ತದೆ. ಧರೆಗೆ ಕಟ್ಟಿದ ಗೋಡೆಯಲ್ಲಿ ನೀರು ಬಸಿಯಲು ತೂತು ಬಿಟ್ಟಿದ್ದಾರಾ ನೋಡಿ. ತೂತು ಇಲ್ಲದಿದ್ದರೆ ಮಳೆ ನೀರೆಲ್ಲ ಗೋಡೆಯ ಹಿಂದೆ ನಿಂತು ತಳ್ಳುತ್ತದೆ. ತುಂಬಿದ ಮಣ್ಣಿನ ಮೇಲೆ ಮನೆಯ ಒಂದು ಮೂಲೆ ಕೂತಿದ್ದರೆ ಆ ಮೂಲೆ ಮಾತ್ರ ಕುಸಿಯುತ್ತದೆ.

ಊರೊಳಗೆ ಕೆರೆಯ ಪ್ರಶ್ನೆ. ಹಾಸನದ ಹುಣಸಿನಕೆರೆ ಇರಲಿ, ಚಿಕ್ಕಮಗಳೂರಿನ ದಂಟರಮಕ್ಕಿ, ಬಸವನಹಳ್ಳಿ ಕೆರೆ ಇರಲಿ, ಕೆರೆಯ ಹತ್ತಿರ, ತಗ್ಗಿನಲ್ಲಿ, ಹಳೇ ಗದ್ದೆಯ ಬಯಲಿನಲ್ಲಿ ಮನೆ ನೋಡುವಾಗ ಅಕ್ಕಪಕ್ಕದ ಹಿರಿಯರನ್ನು ಕೇಳಿ: ಇಲ್ಲಿ ಮುಂಚೆ ಏನಿತ್ತು? ಜೋರು ಮಳೆಗೆ ನೀರು ಎಲ್ಲಿವರೆಗೆ ಬರುತ್ತದೆ? ಇಂಜಿನಿಯರಿಗೆ ಈ ಮಾತು ಹೇಳಿದರೆ ಅವರು ಯಾವ ಗೋಡೆ ನೋಡಬೇಕು ಅಂತ ತಿಳಿದುಕೊಳ್ಳುತ್ತಾರೆ.

ಅಜ್ಜಂಪುರದ ಸುತ್ತಮುತ್ತ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಅಡಿಪಾಯ ಎಷ್ಟು ಆಳ ಹೋಗಿದೆ ಅನ್ನುವುದೇ ಮೊದಲ ಪ್ರಶ್ನೆ.

ನೀರು, ಕರೆಂಟು?

ಎಲ್ಲ ನಲ್ಲಿ ಒಟ್ಟಿಗೆ ಬಿಡಿ, ಒತ್ತಡ ನೋಡಿ. ಬಚ್ಚಲಿಗೆ ನಾಲ್ಕು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ. ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರನ್ನೇ ನಂಬಿದ ಮನೆಯಾದರೆ ಲ್ಯಾಬಿಗೆ ಕೊಟ್ಟು ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ), ಫ್ಲೋರೈಡ್ ನೋಡಿಸಿ. ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ಬಿಡಬಹುದು ಅನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು.

ಕರೆಂಟಿಗೆ ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕು. ಹಳೇ ಮನೆಗಳಲ್ಲಿ ಪ್ಲಗ್ಗಿಗೆ ಮೂರು ತೂತು ಇರುತ್ತದೆ, ಒಳಗೆ ಅರ್ಥಿಂಗ್ ತಂತಿಯೇ ಇರುವುದಿಲ್ಲ. ತಂಗಿಯ ಮನೆಯಲ್ಲಿ ಬೋರ್ಡ್ ಬಿಚ್ಚಿದಾಗ ಹಾಗೇ ಇತ್ತು. ಮಳೆಗಾಲದಲ್ಲಿ ಒದ್ದೆ ಗೋಡೆಯಲ್ಲಿ ಅದು ಜೀವಕ್ಕೇ ಅಪಾಯ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇದೆಯಾ ನೋಡಿ, ಇಲ್ಲದಿದ್ದರೆ ಮೊದಲ ದಿನವೇ ಹಾಕಿಸಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು, ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಕರೆಂಟ್ ಕೊಡುವ ಕಂಪನಿ ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ.

ಹೊಸ ಅಪಾರ್ಟ್‌ಮೆಂಟ್. ಇದಕ್ಕೂ ಪರೀಕ್ಷೆ ಬೇಕಾ?

ಬೇಕು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಂ ಪ್ರಕಾರ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿ ಮಾಡಿಕೊಡಬೇಕು. ಆದರೆ ದೋಷ ಇದೆ ಅಂತ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕಲ್ವಾ? ಕೀ ತೆಗೆದುಕೊಳ್ಳುವ ದಿನದ ವರದಿ ಆಗ ಕೆಲಸಕ್ಕೆ ಬರುತ್ತದೆ. ಇನ್ನೊಂದು ವಿಷಯ: ಜಾಗ 500 ಚದರ ಮೀಟರ್ ಒಳಗಿದ್ದರೆ ಅಥವಾ ಮನೆಗಳು 8 ದಾಟದಿದ್ದರೆ ಆ ಯೋಜನೆ ರೇರಾದಲ್ಲಿ ನೋಂದಣಿ ಆಗಬೇಕಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮಾರುವುದು ನಮ್ಮ ಊರುಗಳಲ್ಲಿ ಜಾಸ್ತಿ. ಅಲ್ಲಿ ನಿಮ್ಮ ಎಚ್ಚರವೇ ನಿಮ್ಮನ್ನು ಕಾಯಬೇಕು.

ಕಾಗದಪತ್ರವನ್ನೂ ಇವರೇ ನೋಡುತ್ತಾರಾ?

ಇಲ್ಲ, ಅದು ವಕೀಲರ ಕೆಲಸ. ಇಸಿ (ಋಣಭಾರ ಪತ್ರ), ಇ-ಖಾತಾ, ಪಂಚಾಯಿತಿ ಆಸ್ತಿಯಾದರೆ ಇ-ಸ್ವತ್ತಿನ ದಾಖಲೆ, ಭೂಪರಿವರ್ತನೆ ಎಲ್ಲ ಅವರಿಗೆ ಕೊಡಿ. ಒಂದು ಕೆಲಸ ಮಾತ್ರ ಇಂಜಿನಿಯರ್ ಮಾಡಬೇಕು. ಮಂಜೂರಾದ ಪ್ಲಾನ್ ಹಿಡಿದು ಮನೆಗೆ ಹೋಲಿಸಿ ನೋಡಬೇಕು. ಪ್ಲಾನಿನಲ್ಲಿ ಒಂದೇ ಅಂತಸ್ತು, ನಿಂತಿರುವುದು ಎರಡು ಅಂದರೆ ಆ ಅಡಿಪಾಯ ಎರಡನ್ನು ಹೊರಲು ಕಟ್ಟಿದ್ದೋ ಅಲ್ಲವೋ ಅನ್ನುವ ಪ್ರಶ್ನೆ ಬರುತ್ತದೆ.

ಪರೀಕ್ಷೆ ನಡೆಯುವಾಗ ನಾವೂ ಇರಬೇಕಾ? ನಾವು ಬೆಂಗಳೂರಿನಲ್ಲಿದ್ದೇವೆ.

ಒಂದು ದಿನ ರಜೆ ಹಾಕಿ ಬನ್ನಿ. ವರದಿಯಲ್ಲಿ ‘ತೊಲೆಗೆ ಹಾನಿ’ ಅಂತ ಎರಡು ಪದ ಇರುತ್ತದೆ. ಸ್ಕ್ರೂಡ್ರೈವರ್ ಒಳಗೆ ಹೋಗುವುದನ್ನು ಕಂಡವರಿಗೆ ಅದರ ಅರ್ಥವೇ ಬೇರೆ. ಹೋಮ್‌ಸ್ಟೇ ಮಾಡಲು ಅಂತ ದೂರದಿಂದ ಕೊಳ್ಳುವವರು ವಿಡಿಯೋ ಕಾಲ್‌ನಲ್ಲೇ ಮುಗಿಸುತ್ತಾರೆ. ವಿಡಿಯೋದಲ್ಲಿ ಮಂಜು, ತೋಟ, ಜಗಲಿ ಎಲ್ಲ ಚಂದ ಕಾಣುತ್ತದೆ. ತೇವದ ವಾಸನೆ ಬರುವುದಿಲ್ಲ.

ಮಾರುವವರು ಪರೀಕ್ಷೆಗೆ ಒಪ್ಪದಿದ್ದರೆ?

ಮರ್ಯಾದೆಯಿಂದ ಇನ್ನೊಂದು ಸಲ ಕೇಳಿ. ಕೆಲವರಿಗೆ ಇದು ಹೊಸ ವಿಷಯ, ನಮ್ಮ ಮೇಲೆ ಅನುಮಾನ ಪಡುತ್ತಿದ್ದಾರೆ ಅಂತ ಬೇಸರವಾಗುತ್ತದೆ. ಗೋಡೆ ಕೆಡಿಸುವುದಿಲ್ಲ, ಜೊತೆಯಲ್ಲಿ ನೀವೂ ಇರಿ ಅಂತ ಹೇಳಿ. ಅದಕ್ಕೂ ಒಪ್ಪದಿದ್ದರೆ ಬೇರೆ ಮನೆ ನೋಡಿ.

ಕೊಂಡ ಮೇಲೆ ದೋಷ ಗೊತ್ತಾದರೆ ಮಾರಿದವರನ್ನು ಕೇಳಬಹುದಲ್ಲ?

ಅಷ್ಟು ಸುಲಭವಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ ಮಾರುವವರು ತಮಗೆ ಗೊತ್ತಿರುವ ದೊಡ್ಡ ದೋಷವನ್ನು ಹೇಳಬೇಕು. ಆದರೆ ಕೊಳ್ಳುವವರು ಸಾಧಾರಣ ಎಚ್ಚರ ವಹಿಸಿದರೂ ಕಾಣದಂಥ ದೋಷವಾಗಿರಬೇಕು. ಸುಮ್ನೆ ಬೀರು ಸರಿಸಿದ್ದರೆ ಕಾಣುತ್ತಿದ್ದ ತೇವಕ್ಕೆ ನಾನು ಯಾರನ್ನು ಕೇಳಲಿ? ಪರೀಕ್ಷೆ ಮಾಡಿಸದೇ ಇದ್ದದ್ದು ನಾನೇ.

ಇಂಜಿನಿಯರೇ ತಪ್ಪು ಮಾಡಿದರೆ?

ಫೀಸು ಕೊಟ್ಟು ಪಡೆದ ಸೇವೆ ಅದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅದಕ್ಕೆ ರಸೀದಿ, ಸಹಿ ಮಾಡಿದ ವರದಿ ಬೇಕು. ಬಾಯಿಮಾತಿನ ವರದಿ ಬೇಡ ಅನ್ನುವುದು ಇದಕ್ಕೂ ಹೌದು.

ದೋಷ ಸಿಕ್ಕಿತು. ಮನೆ ಬಿಟ್ಟುಬಿಡಬೇಕಾ?

ಎಲ್ಲ ದೋಷಕ್ಕೂ ಬಿಡಬೇಕಿಲ್ಲ. ದೋಷವಿಲ್ಲದ ಮನೆ ಇಲ್ಲ. ಇಂಜಿನಿಯರಿಗೆ ಎರಡು ಪ್ರಶ್ನೆ ಕೇಳಿ: ಇದು ಬೆಳೆಯುತ್ತದಾ? ಸರಿ ಮಾಡಿಸಲು ಎಷ್ಟಾಗುತ್ತದೆ? ತಂಗಿಯ ಮನೆಯ ತೊಲೆ, ದೋಣಿ, ವೈರಿಂಗ್‌ಗೆ ಅವರು ಅಂದಾಜು ಪಟ್ಟಿ ಬರೆದು ಕೊಟ್ಟರು. ಅದನ್ನು ಮಾರುವವರ ಮುಂದೆ ಇಟ್ಟೆವು. ಜಗಳ ಆಗಲಿಲ್ಲ. ಅವರಿಗೂ ತೊಲೆಯ ವಿಷಯ ಗೊತ್ತಿರಲಿಲ್ಲ. ಪಟ್ಟಿಯ ಮೊತ್ತದಲ್ಲಿ ಮುಕ್ಕಾಲು ಪಾಲು ಬೆಲೆಯಲ್ಲಿ ಇಳಿಸಿಕೊಂಡರು.

ಧರೆ ಕುಸಿಯುವ ಜಾಗ, ನೀರು ನಿಲ್ಲುವ ತಗ್ಗು, ಇಳಿಯುತ್ತಲೇ ಇರುವ ಅಡಿಪಾಯ, ಈ ಮೂರಕ್ಕೆ ಮಾತ್ರ ನಾನಾದರೆ ಬೆಲೆ ಇಳಿಸಿದರೂ ಬೇಡ ಅನ್ನುತ್ತೇನೆ.

ಕೊಂಡ ಮೇಲೆ ಅವರನ್ನು ಮತ್ತೆ ಕರೆಸಬೇಕಾ?

ಮೊದಲ ಮಳೆಗಾಲ ಮುಗಿದ ಮೇಲೆ ಒಂದು ಸಲ ಕರೆಸಿ. ತಂಗಿಯ ಮನೆಯ ನಡುಮನೆಯಲ್ಲಿ ಒಂದು ಓರೆ ಬಿರುಕು ಇತ್ತು. ಇಂಜಿನಿಯರ್ ಅದರ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿದ್ದರು. ಬಣ್ಣ ಹೊಡೆಸಿದಾಗ ಆ ಅಂಗೈ ಅಗಲದ ಜಾಗ ಬಿಟ್ಟು ಉಳಿದದ್ದಕ್ಕೆ ಹೊಡೆಸಿದಳು. ಎರಡು ಮಳೆಗಾಲ ಕಳೆದಿದೆ. ಹೋದಾಗಲೆಲ್ಲ ನಾನು ಕಾಫಿ ಲೋಟ ಹಿಡಿದುಕೊಂಡು ಮೊದಲು ಅದರ ಹತ್ತಿರ ಹೋಗಿ ನೋಡುತ್ತೇನೆ. ಬಿರುಕು ಗೆರೆ ದಾಟಿಲ್ಲ.